ಗೋಷ್ಠಿಗಳ ಸಾರ್ಥಕತೆ ಮತ್ತು ಸಾಮಾಜಿಕ ಮಾಧ್ಯಮ

ಒಂದೇ ವೃತ್ತಿಯಲ್ಲಿ ನಿರತರಾದವರು ಒಂದೆಡೆ ಕಲೆತು ತಮ್ಮ ಅನುಭವವನ್ನೂ ಅರಿವನ್ನೂ ಹಂಚಿಕೊಳ್ಳಲೆಂದು ಸಮ್ಮೇಳನಗಳು ಏರ್ಪಡುತ್ತವೆ. ಆದರೆ ನಮ್ಮ ಅನೇಕ ಗೋಷ್ಠಿಗಳ ಗತಿ ಸರ್ವವಿದಿತವಾದುದು. ಸ್ವಾಗತ, ಪರಿಚಯ, ಪ್ರಾಸ್ತಾವಿಕ ನುಡಿಗಳಲ್ಲಿ ಬಹಳ ಹೊತ್ತು ಕಳೆದುಹೋಗುತ್ತದೆ. ಉಪನ್ಯಾಸಕರು ಬರೆದು ತಂದ ಪ್ರಬಂಧವನ್ನು ಅವಸರದಿಂದ ಓದಿ ಮುಗಿಸುತ್ತಾರೆ. ಪ್ರಶ್ನೋತ್ತರದ ವೇಳೆ ಬರುವಷ್ಟರಲ್ಲಿ ಅಧ್ಯಕ್ಷರು ಸಮಯಾಭಾವವನ್ನು ಸಾರುತ್ತಾರೆ. ದೂರದ ಊರಿನಿಂದ ಬಂದ ಶಿಕ್ಷಕರ ಪ್ರಶ್ನೆ ಅವರೊಂದಿಗೇ ಹಿಂದಿರುಗುತ್ತದೆ. ಈ ಕೊರತೆಯನ್ನು ನೀಗುವಲ್ಲಿ ಸಾಮಾಜಿಕ ಮಾಧ್ಯಮವು ಎಷ್ಟರಮಟ್ಟಿಗೆ ನೆರವಾಗಬಲ್ಲದು, ಎಲ್ಲಿ ಎಚ್ಚರ ಅವಶ್ಯ ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಎರಡು ನಿದರ್ಶನಗಳು

2006ರಲ್ಲಿ ಅಮೆರಿಕದಲ್ಲಿ ಆರಂಭವಾದ ಟ್ವಿಟರ್ (2023ರಿಂದ ಇದರ ಹೆಸರು ಎಕ್ಸ್) ಮೊದಲಿಗೆ ಪ್ರಸಿದ್ಧಿಗೆ ಬಂದುದೇ ಒಂದು ಸಮ್ಮೇಳನದಲ್ಲಿ. 2007ರ ಮಾರ್ಚ್ ತಿಂಗಳಲ್ಲಿ ಆಸ್ಟಿನ್ ನಗರದಲ್ಲಿ ನಡೆದ ಸೌತ್ ಬೈ ಸೌತ್‌ವೆಸ್ಟ್ ಸಮ್ಮೇಳನದ ಹಜಾರಗಳಲ್ಲಿ ಪರದೆಗಳನ್ನಿರಿಸಿ, ನೆರೆದವರ ಕಿರುಸಂದೇಶಗಳನ್ನು ಅವುಗಳ ಮೇಲೆ ಪ್ರದರ್ಶಿಸಲಾಗಿತ್ತು. ಅದೇ ವರ್ಷದ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಎಂಬವರು, ಒಂದೇ ವಿಷಯದ ಸಂದೇಶಗಳನ್ನು ಒಟ್ಟುಗೂಡಿಸಲು # ಚಿಹ್ನೆಯನ್ನು ಬಳಸಬಹುದೆಂದು ಸೂಚಿಸಿದರು. ಅವರಿತ್ತ ಉದಾಹರಣೆಯೂ ಬಾರ್‌ಕ್ಯಾಂಪ್ ಎಂಬ ಸಮ್ಮೇಳನದ್ದೇ. ಇಂದಿನ ‘ಹ್ಯಾಶ್‌ಟ್ಯಾಗ್’ ಹುಟ್ಟಿದುದು ಹೀಗೆ. ಬಾರ್‌ಕ್ಯಾಂಪಿನಲ್ಲಿ ಗೋಷ್ಠಿಗಳ ವಿಷಯವನ್ನು ಬಂದವರೇ ನಿರ್ಧರಿಸುವರು. ಇದರಿಂದ ಪ್ರೇರಿತರಾದ ಶಿಕ್ಷಕರು 2010ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ‘ಎಡ್‌ಕ್ಯಾಂಪ್’ ಎಂಬ ತಮ್ಮದೇ ಸಮ್ಮೇಳನವನ್ನು ಆರಂಭಿಸಿದರು.

ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನವುಂಟು. 2009ರ ನವೆಂಬರಿನಲ್ಲಿ ನ್ಯೂಯಾರ್ಕಿನ ವೆಬ್ 2.0 ಎಕ್ಸ್‌ಪೋ ಸಮ್ಮೇಳನದಲ್ಲಿ ಸಂಶೋಧಕಿ ಡಾನಾ ಬಾಯ್ಡ್ ಅವರು ಉಪನ್ಯಾಸ ನೀಡುತ್ತಿದ್ದಾಗ, ಸಭಿಕರ ಸಂದೇಶಗಳು ಅವರ ಬೆನ್ನ ಹಿಂದಿನ ಪರದೆಯ ಮೇಲೆ ಮೂಡುತ್ತಿದ್ದವು. ಅವರ ಮಾತಿನ ವೇಗವನ್ನು ಟೀಕಿಸುವುದರಿಂದ ತೊಡಗಿದ ಬರಹ ಕುಚೋದ್ಯಕ್ಕಿಳಿಯಿತು. ಸಭೆ ನಗುತ್ತಿತ್ತು, ನಗೆಯ ಕಾರಣ ಉಪನ್ಯಾಸಕಿಯೊಬ್ಬರಿಗೇ ಕಾಣದು. ಈ ಕಹಿ ಅನುಭವವನ್ನು ಅವರೇ ಅನಂತರ ಬರೆದು ಪ್ರಕಟಿಸಿದರು.

ಸಾಧನ ಎರಡೆಡೆಯೂ ಒಂದೇ. ಒಂದೆಡೆ ಅದು ಸಹೃದಯರನ್ನು ಒಂದುಗೂಡಿಸಿತು. ಇನ್ನೊಂದೆಡೆ ವೇದಿಕೆಯ ಮೇಲಿನ ವ್ಯಕ್ತಿಯನ್ನು ಒಂಟಿಯಾಗಿಸಿತು. ವ್ಯತ್ಯಾಸವಿರುವುದು ಸಾಧನದಲ್ಲಲ್ಲ, ಅದನ್ನು ಅಳವಡಿಸುವ ಕ್ರಮದಲ್ಲಿ.

ಅನುಸರಿಸಬಹುದಾದ ಕ್ರಮ

1. ಗೋಷ್ಠಿಗೆ ಮುನ್ನ: ಮಾಧ್ಯಮದ ಹೆಚ್ಚಿನ ಪ್ರಯೋಜನವಿರುವುದು ಇಲ್ಲಿಯೇ. ಆದರೆ ನಾವು ಇದನ್ನು ಆಹ್ವಾನ ಪತ್ರಿಕೆಯನ್ನು ಹಂಚುವುದಕ್ಕಷ್ಟೇ ಬಳಸುತ್ತೇವೆ. ಗಣಿತ ಬೋಧನೆಯ ಬಗೆಗೆ ಗೋಷ್ಠಿಯಿದೆಯೆನ್ನೋಣ. ಮೂರು ವಾರ ಮೊದಲೇ ಶಿಕ್ಷಕರ ವಾಟ್ಸಾಪ್ ಬಳಗದಲ್ಲಿ, ‘ಭಿನ್ನರಾಶಿಯ ಪಾಠದಲ್ಲಿ ನಿಮ್ಮ ಮಕ್ಕಳು ಎಡವುವುದು ಎಲ್ಲಿ?’ ಎಂಬ ಒಂದೇ ಪ್ರಶ್ನೆಯನ್ನು ಕೇಳಬೇಕು. ಛೇದಗಳು ಬೇರೆಯಾದಾಗ ಕೂಡಿಸುವಲ್ಲಿ ತೊಡಕೆಂದು ಹಲವರು ಬರೆದರೆ, ಉಪನ್ಯಾಸಕರು ಅದನ್ನೇ ಕೇಂದ್ರವಾಗಿಸಿಕೊಂಡು ಸಿದ್ಧರಾಗಬಲ್ಲರು. ಕೇಳುಗರ ಅಗತ್ಯವರಿತು ಆಡಿದ ಮಾತು ಸಹಜವಾಗಿಯೇ ಸಜೀವವಾಗುತ್ತದೆ.

2. ಗೋಷ್ಠಿ ನಡೆಯುವಾಗ: ಸಂದೇಶಗಳನ್ನು ನೇರವಾಗಿ ಪರದೆಗೆ ಬಿಡಲಾಗದು. ವಿಷಯಜ್ಞರೂ ಸೌಜನ್ಯಶೀಲರೂ ಆದ ಒಬ್ಬ ನಿರ್ವಾಹಕರನ್ನು ಇದಕ್ಕೆಂದೇ ನೇಮಿಸಬೇಕು. ಅವರು ಬಂದ ಪ್ರಶ್ನೆಗಳನ್ನು ಓದಿ, ಪುನರುಕ್ತಿಗಳನ್ನು ಒಂದಾಗಿಸಿ, ಕಟುವಾದರೂ ಯುಕ್ತವಾದ ಆಕ್ಷೇಪಗಳನ್ನು ಉಳಿಸಿಕೊಂಡು, ಉಪನ್ಯಾಸದ ನಡುವೆ ನಿಗದಿಯಾದ ವಿರಾಮದಲ್ಲಿ ಮಂಡಿಸಬೇಕು. ಟೀಕೆಯನ್ನು ಅಡಗಿಸುವುದು ಅವರ ಕೆಲಸವಲ್ಲ. ಉತ್ತರಿಸಬೇಕಾದವರ ಎದುರಿಗೇ ಅದನ್ನು ಇಡುವುದು ಅವರ ಕೆಲಸ. ಒಂದು ಗಂಟೆಯ ಗೋಷ್ಠಿಯಲ್ಲಿ ಇಪ್ಪತ್ತೈದು ನಿಮಿಷವಾದರೂ ಇದಕ್ಕೆ ಮೀಸಲಾಗಿರಲಿ. ಮೊಬೈಲ್ ಬಳಸದವರಿಗೂ ಬಳಸಲು ಹಿಂಜರಿಯುವ ಹಿರಿಯರಿಗೂ ಕಾಗದದ ಚೀಟಿಗಳನ್ನು ಕೊಡತಕ್ಕದ್ದು. ಚೀಟಿಗೂ ಸಂದೇಶಕ್ಕೂ ಸಮಾನ ಮನ್ನಣೆ ದೊರೆಯಬೇಕು.

3. ಗೋಷ್ಠಿಯ ತರುವಾಯ: ಸಮಯ ಸಾಲದೆ ಉಳಿದ ಪ್ರಶ್ನೆಗಳಿಗೆ ಉಪನ್ಯಾಸಕರಿಂದ ಉತ್ತರ ಪಡೆದು ವಾರದೊಳಗೆ ಅದೇ ಬಳಗದಲ್ಲಿ ಪ್ರಕಟಿಸಬೇಕು. ಪರಸ್ಥಳಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೂ ಆಗ ಚರ್ಚೆಯಲ್ಲಿ ಪಾಲುಗೊಳ್ಳಬಹುದು. ಆದರೆ ಇಂಥ ಬಳಗದ ಸಂದೇಶಗಳು ದಿನಗಳೆದಂತೆ ಹಿಂದೆ ಸರಿದು ಕಣ್ಮರೆಯಾಗುವುದರಿಂದ, ಸಾರಾಂಶವನ್ನು ಬರೆದಿಟ್ಟು ಶಾಲೆಯ ಗ್ರಂಥಾಲಯದಲ್ಲಿ ಕಾಯ್ದಿರಿಸುವುದು ಲೇಸು.

ಉಪಸಂಹಾರ

ಇದಕ್ಕೆ ಅಪಾರ ಧನ ಬೇಕಿಲ್ಲ. ಬೇಕಾದುದು ಮೂರು ವಾರಗಳ ಪೂರ್ವಸಿದ್ಧತೆ, ಒಬ್ಬ ನಿರ್ವಾಹಕರು, ಕೇಳಿಸಿಕೊಳ್ಳುವ ಮನಸ್ಸು. ಗೋಷ್ಠಿಯ ಯಶಸ್ಸನ್ನು ಹಂಚಿಕೆಯಾದ ಭಾವಚಿತ್ರಗಳ ಎಣಿಕೆಯಿಂದ ಅಳೆಯುವ ವಾಡಿಕೆ ಬೆಳೆಯುತ್ತಿದೆ. ಬಂದ ಶಿಕ್ಷಕರ ಪ್ರಶ್ನೆಗೆ ಉತ್ತರ ದೊರೆಯಿತೆ, ಆ ಉತ್ತರ ಅವರ ತರಗತಿಯ ಮಕ್ಕಳನ್ನು ಮುಟ್ಟಿತೆ ಎಂಬುದೇ ಸರಿಯಾದ ಅಳತೆಗೋಲು. ವಿದ್ಯಾಸಂಸ್ಥೆಗಳು ಈ ದಿಶೆಯಲ್ಲಿ ಮುಂದಡಿಯಿಟ್ಟರೆ ಗೋಷ್ಠಿಗಳಿಗಾಗಿ ವಿನಿಯೋಗವಾಗುವ ದಾನಿಗಳ ಹಣವೂ ಶಿಕ್ಷಕರ ಶ್ರಮವೂ ಸಾರ್ಥಕವಾದಾವು.