ಪೆನ್ ಡ್ರೈವ್ ಚುಚ್ಚುವ ಮುನ್ನ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಕನ್ನಡಿಗರಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್, ಉಬುಂಟುವಿನಂಥ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಗಳು ಒಳ್ಳೆಯ ಆಸರೆ.

ಎಡವುವುದು ಅವಸರದಲ್ಲಿ. ಇನ್‌ಸ್ಟಾಲ್ ಮಾಡುವಾಗ ‘ಇರೇಸ್ ಡಿಸ್ಕ್’ ಆಯ್ಕೆಯನ್ನು ಓದದೆ ಒತ್ತಿದರೆ ಮಕ್ಕಳ ಫೋಟೊ, ಸಂಘದ ಲೆಕ್ಕಪತ್ರ ಎಲ್ಲವೂ ಹೋದ ಹಾಗೆ. ಮೊದಲು ಲಿನಕ್ಸ್ ತುಂಬಿಸಿದ ಪೆನ್ ಡ್ರೈವ್‌ನಿಂದಲೇ ‘ಲೈವ್’ ಆಗಿ ಓಡಿಸಿ, ವೈಫೈ, ಪ್ರಿಂಟರ್, ಧ್ವನಿ ಸರಿಯಿವೆಯೇ ನೋಡಿ. ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ನಕಲಿಸಿ, ಅದನ್ನು ನೆಂಟರ ಮನೆಯಲ್ಲಿಡಿ. 2005ರ ಜುಲೈ 26ರ ಮಳೆಗೆ ಕಲ್ಯಾಣದ ತಗ್ಗಿನ ಮನೆಗಳು ಮುಳುಗಿದ್ದನ್ನು ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಬರೆಯುವವರಿಗೆ ಇನ್ನೊಂದು ಮಾತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಲೇಖನ ಲಿನಕ್ಸ್‌ನಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ನುಡಿಯಲ್ಲಿ ಕೈಗೆ ಕೂತ ಕೀಲಿಮಣೆ ವಿನ್ಯಾಸ ತಪ್ಪುವುದಿಲ್ಲ. ಅದು ಲಿನಕ್ಸ್‌ನಲ್ಲೂ ‘ಕಗಪ’ ಹೆಸರಿನಲ್ಲಿ ಇದೆ.

ಇದೇ ಎಚ್ಚರ ಮಾಸ್ಟೊಡಾನ್‌ಗೂ ಬೇಕು. ಹಲವು ಸರ್ವರುಗಳಲ್ಲಿ ನಡೆಯುವ ಈ ಸಾಮಾಜಿಕ ಜಾಲವನ್ನು ಸೇರುವ ಮುನ್ನ ಸರ್ವರನ್ನು ಯಾರು ನಡೆಸುತ್ತಾರೆ, ಖರ್ಚು ಹೇಗೆ ತೂಗಿಸುತ್ತಾರೆ ಎಂದು ವಿಚಾರಿಸಿ. ‘ಮಾಸ್ಟೊಡಾನ್ ಡಾಟ್ ಲೋಲ್’ ಎಂಬ ಸರ್ವರ್ 2023ರಲ್ಲಿ ಮುಚ್ಚಿಯೇ ಹೋಯಿತು. ಸರ್ವರ್ ಬದಲಿಸಿದರೆ ಹಿಂಬಾಲಕರನ್ನು ಕರೆದೊಯ್ಯಬಹುದು, ಬರೆದದ್ದನ್ನಲ್ಲ. ಆಗಾಗ ಬರೆದದ್ದರ ಪ್ರತಿ ಇಳಿಸಿಕೊಳ್ಳಿ. ಅಲ್ಲಿನ ಖಾಸಗಿ ಸಂದೇಶಗಳನ್ನು ಸರ್ವರ್ ನಡೆಸುವವರು ಓದಬಲ್ಲರು. ಆಧಾರ್ ಸಂಖ್ಯೆ, ಬ್ಯಾಂಕ್ ವಿವರಗಳನ್ನು ಯಾವ ಕಾರಣಕ್ಕೂ ಅಲ್ಲಿ ಬರೆಯಬೇಡಿ.