ಆರೋಗ್ಯದ ಮಾಹಿತಿ: ಎಲ್ಲಿ ಹುಡುಕಬೇಕು, ಎಷ್ಟು ನಂಬಬೇಕು?

‘ಹಾಗಲಕಾಯಿ ರಸ ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದಂತೆ, ಹೌದೆ?’

ಮಧುಮೇಹಿಗಳಿರುವ ಮನೆಯಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಏಳುತ್ತದೆ. ಪಕ್ಕದ ಮನೆಯವರು ಹೇಳಿರುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕ ನೆಂಟರು ಹೇಳಿರುತ್ತಾರೆ, ಈಗ ಮೊಬೈಲಿಗೂ ಸಂದೇಶ ಬಂದಿರುತ್ತದೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಉತ್ತರ ಗೊತ್ತಾಗುವ ಮೊದಲೇ ಮಾತ್ರೆ ನಿಲ್ಲಿಸುವವರಿದ್ದಾರೆ. ಅಪಾಯವಿರುವುದು ಅಲ್ಲಿ. ಮೊದಲನೆಯ ಬಗೆಯ ಮಧುಮೇಹವಿರುವವರು ಇನ್ಸುಲಿನ್ ಚುಚ್ಚುಮದ್ದು ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಹೆಚ್ಚಿ ಪ್ರಾಣಕ್ಕೇ ಸಂಚಕಾರ ಬರಬಹುದು. ಎರಡನೆಯ ಬಗೆಯವರಲ್ಲಿ ಹಾನಿ ನಿಧಾನವಾಗಿ, ಸದ್ದಿಲ್ಲದೆ ಆಗುತ್ತದೆ. ಕಣ್ಣು, ಮೂತ್ರಪಿಂಡ, ಪಾದದ ನರಗಳು ಕೆಡುತ್ತವೆ.

ಇಂಥ ಪ್ರಶ್ನೆ ಬಂದಾಗ ವೈದ್ಯರು ಎಲ್ಲಿ ಹುಡುಕುತ್ತಾರೋ ಅಲ್ಲಿಯೇ ನೀವೂ ಹುಡುಕಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಹೇಗೆಂಬುದನ್ನು ಈ ಹಾಗಲಕಾಯಿಯ ಉದಾಹರಣೆಯಿಂದಲೇ ನೋಡೋಣ.

ಕಪಾಟಿನಿಂದ ಕಂಪ್ಯೂಟರಿಗೆ

ಹಿಂದೆ ಇದು ಸುಲಭವಾಗಿರಲಿಲ್ಲ. ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಯಾವ ವಿಷಯದ ಮೇಲೆ ಯಾರು ಬರೆದಿದ್ದಾರೆ ಎಂಬುದನ್ನು ಪಟ್ಟಿ ಮಾಡುತ್ತಿದ್ದ ‘ಇಂಡೆಕ್ಸ್ ಮೆಡಿಕಸ್’ ಎಂಬ ಸೂಚಿ 1879ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ವೈದ್ಯಕೀಯ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಅದರ ದಪ್ಪ ಸಂಪುಟಗಳನ್ನು ತಿರುವಿ, ಪುಟದ ಸಂಖ್ಯೆ ಬರೆದುಕೊಂಡು, ಆಮೇಲೆ ಆ ಪತ್ರಿಕೆಯನ್ನು ಕಪಾಟಿನಲ್ಲಿ ಹುಡುಕಬೇಕಿತ್ತು. ಸಾಮಾನ್ಯ ಓದುಗರಿಗೆ ಆ ಬಾಗಿಲು ಮುಚ್ಚಿದಂತೆಯೇ ಇತ್ತು.

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಈ ಸೂಚಿಯನ್ನು ಕಂಪ್ಯೂಟರಿಗೆ ಏರಿಸಿ, ‘ಪಬ್‌ಮೆಡ್’ ಎಂಬ ಹೆಸರಿನಲ್ಲಿ 1997ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು. ಮುದ್ರಿತ ಸೂಚಿ 2004ರಲ್ಲಿ ನಿಂತುಹೋಯಿತು. ಇಂದು ಪಬ್‌ಮೆಡ್‌ನಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ. ಬಹುಪಾಲು ಲೇಖನಗಳ ಸಾರಾಂಶವನ್ನು ಮನೆಯಲ್ಲೇ ಕುಳಿತು ಓದಬಹುದು.

ಮೊದಲು ಪ್ರಶ್ನೆ ಸರಿಯಾಗಿರಲಿ

‘ಹಾಗಲಕಾಯಿ ಒಳ್ಳೆಯದೆ?’ ಎಂದು ಕೇಳಿದರೆ ಸಾವಿರ ಉತ್ತರ ಬರುತ್ತವೆ. ಪ್ರಶ್ನೆಯಲ್ಲಿ ನಾಲ್ಕು ಅಂಶಗಳು ಸ್ಪಷ್ಟವಾಗಿರಬೇಕು. ಯಾರಿಗೆ? ಯಾವ ಚಿಕಿತ್ಸೆ? ಯಾವುದಕ್ಕೆ ಹೋಲಿಸಿದರೆ? ಯಾವ ಫಲಕ್ಕಾಗಿ? ಈಗ ನಮ್ಮ ಪ್ರಶ್ನೆ ಹೀಗಾಗುತ್ತದೆ: ಎರಡನೆಯ ಬಗೆಯ ಮಧುಮೇಹವಿರುವವರು ಹಾಗಲಕಾಯಿ ಸೇವಿಸಿದರೆ, ಸೇವಿಸದವರಿಗಿಂತ ಅಥವಾ ಮಾತ್ರೆ ನುಂಗುವವರಿಗಿಂತ ಅವರ ರಕ್ತದ ಸಕ್ಕರೆ ಹೆಚ್ಚು ಹತೋಟಿಗೆ ಬರುತ್ತದೆಯೇ?

ಎಲ್ಲಿ ಹುಡುಕಬೇಕು?

ಮೂರು ತಾಣಗಳನ್ನು ನೆನಪಿಡಿ. ಮೂರರಲ್ಲೂ ಪದಗಳನ್ನು ಇಂಗ್ಲಿಷಿನಲ್ಲಿ ಕೊಡಬೇಕಾಗುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

1. ಮೆಡ್‌ಲೈನ್‌ಪ್ಲಸ್: ಇದೂ ಅದೇ ಅಮೆರಿಕದ ಗ್ರಂಥಾಲಯದ್ದು. 1998ರಲ್ಲಿ ಆರಂಭವಾಯಿತು. ರೋಗ, ಔಷಧ, ಪರೀಕ್ಷೆಗಳ ಬಗ್ಗೆ ರೋಗಿಗಳಿಗೆಂದೇ ಸರಳ ಭಾಷೆಯಲ್ಲಿ ಬರೆದದ್ದು. ಇಲ್ಲಿ ಜಾಹೀರಾತುಗಳಿಲ್ಲ. ಮೊದಲ ಬಾರಿ ಹುಡುಕುವವರು ಇಲ್ಲಿಂದ ಶುರುಮಾಡುವುದು ಒಳ್ಳೆಯದು.

2. ಕಾಕ್ರೇನ್ ಲೈಬ್ರರಿ: ಬ್ರಿಟಿಷ್ ವೈದ್ಯ ಆರ್ಚಿ ಕಾಕ್ರೇನ್ ಅವರ ಹೆಸರಿನಲ್ಲಿ 1993ರಲ್ಲಿ ಹುಟ್ಟಿದ ಸಂಸ್ಥೆಯ ಸಂಗ್ರಹ. ಒಂದು ಪ್ರಶ್ನೆಯ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ, ಜರಡಿ ಹಿಡಿದು, ಒಟ್ಟು ತೀರ್ಮಾನ ಹೇಳುವುದು ಇದರ ಕೆಲಸ. ಪ್ರತಿ ವಿಮರ್ಶೆಗೂ ಸಾಮಾನ್ಯರಿಗಾಗಿ ಬರೆದ ಸರಳ ಸಾರಾಂಶವೊಂದು ಇರುತ್ತದೆ. ಅದನ್ನು ಓದಲು ಶುಲ್ಕವಿಲ್ಲ.

3. ಪಬ್‌ಮೆಡ್: ಹುಡುಕಿದ ಮೇಲೆ ಫಲಿತಾಂಶಗಳ ಪಕ್ಕದಲ್ಲಿ ಕೆಲವು ಆಯ್ಕೆಗಳು ಕಾಣುತ್ತವೆ. ‘ಫ್ರೀ ಫುಲ್ ಟೆಕ್ಸ್ಟ್’ ಒತ್ತಿದರೆ ಪೂರ್ತಿ ಉಚಿತವಾಗಿ ಸಿಗುವ ಲೇಖನಗಳು ಮಾತ್ರ ಉಳಿಯುತ್ತವೆ. ‘ಸಿಸ್ಟಮ್ಯಾಟಿಕ್ ರಿವ್ಯೂ’ ಒತ್ತಿದರೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶೆಗಳು ಸಿಗುತ್ತವೆ. ಒಂದು ಮಾತು ಗಮನದಲ್ಲಿರಲಿ: ಪಬ್‌ಮೆಡ್ ಒಂದು ಸೂಚಿ ಅಷ್ಟೇ. ಅದರಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಲೇಖನದಲ್ಲಿರುವುದೆಲ್ಲ ನಿಜವೆಂದು ಯಾರೂ ಮುದ್ರೆ ಒತ್ತಿಲ್ಲ.

ಹಾಗಲಕಾಯಿಗೆ ಸಿಕ್ಕ ಉತ್ತರ

ಕಾಕ್ರೇನ್ ಸಂಸ್ಥೆ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು 2012ರಲ್ಲಿ ಒಂದು ವಿಮರ್ಶೆ ಪ್ರಕಟಿಸಿತು. ಅದರ ನಿಯಮಗಳಿಗೆ ಹೊಂದುವಂಥ ಪ್ರಯೋಗಗಳು ನಾಲ್ಕೇ ನಾಲ್ಕು ಸಿಕ್ಕವು. ಭಾಗವಹಿಸಿದವರು ಒಟ್ಟು 479 ಮಂದಿ. ಯಾವ ಪ್ರಯೋಗವೂ ಮೂರು ತಿಂಗಳಿಗಿಂತ ಹೆಚ್ಚು ನಡೆದಿರಲಿಲ್ಲ. ಹಾಗಲಕಾಯಿಯಿಂದ ಎರಡನೆಯ ಬಗೆಯ ಮಧುಮೇಹ ಹತೋಟಿಗೆ ಬರುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂಬುದು ವಿಮರ್ಶಕರ ತೀರ್ಮಾನ.

ಈ ವಾಕ್ಯವನ್ನು ಎಚ್ಚರದಿಂದ ಓದಬೇಕು. ‘ಪುರಾವೆ ಸಾಲದು’ ಎಂದರೆ ‘ಹಾಗಲಕಾಯಿ ನಿಷ್ಪ್ರಯೋಜಕ’ ಎಂದಲ್ಲ. ‘ಗುಣವಾಗುತ್ತದೆ’ ಎಂದು ಹೇಳುವ ಅಧಿಕಾರ ಯಾರಿಗೂ ಇನ್ನೂ ಬಂದಿಲ್ಲ ಎಂದು ಅರ್ಥ. ಅನಂತರ ಹೊಸ ಪ್ರಯೋಗಗಳು ನಡೆದಿವೆಯೇ ಎಂಬುದನ್ನು ಪಬ್‌ಮೆಡ್‌ನಲ್ಲಿ ನೋಡಿಕೊಳ್ಳಬಹುದು. ಅಲ್ಲಿಯವರೆಗೆ ಹಾಗಲಕಾಯಿ ಪಲ್ಯ ಊಟದ ಎಲೆಯಲ್ಲಿರಲಿ. ಮಾತ್ರೆಯ ಜಾಗಕ್ಕೆ ಅದು ಬರುವುದು ಬೇಡ. ಮಾತ್ರೆಯ ಜೊತೆಗೆ ರಸವನ್ನೂ ದಿನಾ ಕುಡಿಯುವವರು ವೈದ್ಯರಿಗೆ ತಿಳಿಸಲೇಬೇಕು. ಎರಡೂ ಸೇರಿ ಸಕ್ಕರೆ ಅಂಶ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರುವ ಸಂಭವವುಂಟು.

ಓದುವಾಗ ಗಮನಿಸಬೇಕಾದವು

1. ಪ್ರಯೋಗ ನಡೆದದ್ದು ಯಾರ ಮೇಲೆ? ಇಲಿಯ ಮೇಲೆ ಕಂಡ ಗುಣ ಮನುಷ್ಯರಲ್ಲೂ ಕಾಣಬೇಕೆಂದಿಲ್ಲ.

2. ಎಷ್ಟು ಜನ, ಎಷ್ಟು ಕಾಲ? ಹತ್ತು ಜನರ ಮೇಲೆ ಎರಡು ವಾರ ನಡೆದ ಪ್ರಯೋಗಕ್ಕೂ ಸಾವಿರ ಜನರ ಮೇಲೆ ಎರಡು ವರ್ಷ ನಡೆದುದಕ್ಕೂ ಅಜಗಜಾಂತರ.

3. ಹೋಲಿಕೆಗೆ ಇನ್ನೊಂದು ಗುಂಪು ಇತ್ತೆ? ಇಲ್ಲದಿದ್ದರೆ ಗುಣ ಬಂದದ್ದು ಮದ್ದಿನಿಂದಲೋ ಪಥ್ಯದಿಂದಲೋ ಹೇಳಲಾಗದು.

4. ಹಣ ಕೊಟ್ಟವರು ಯಾರು? ಮದ್ದು ಮಾರುವವರೇ ಹಣ ಕೊಟ್ಟಿದ್ದರೆ ಇನ್ನಷ್ಟು ಎಚ್ಚರವಿರಲಿ.

5. ಲೇಖನವನ್ನು ಹಿಂತೆಗೆದುಕೊಂಡಿದ್ದಾರೆಯೇ? 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೇವಲ 12 ಮಕ್ಕಳನ್ನು ಆಧರಿಸಿದ ಲೇಖನವೊಂದು ಬಂತು. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಅನುಮಾನವನ್ನು ಅದು ಹುಟ್ಟಿಸಿತು. 2010ರಲ್ಲಿ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು. ಅನಂತರವೂ ಆ ಭಯ ಎಷ್ಟೋ ತಂದೆ ತಾಯಿಯರನ್ನು ಬಿಡಲಿಲ್ಲ. ಹೀಗೆ ಹಿಂತೆಗೆದ ಲೇಖನಗಳ ಮೇಲೆ ಪಬ್‌ಮೆಡ್ ಎದ್ದು ಕಾಣುವಂತೆ ಸೂಚನೆ ಹಾಕುತ್ತದೆ. ಅದನ್ನು ನೋಡದೆ ಮುಂದೆ ಹೋಗಬೇಡಿ.

ಬೀಗ ಹಾಕಿದ ಲೇಖನಗಳು

ಹುಡುಕುತ್ತಾ ಹೋದರೆ ಕೆಲವು ಲೇಖನಗಳ ಸಾರಾಂಶ ಮಾತ್ರ ಕಾಣುತ್ತದೆ. ಪೂರ್ತಿ ಓದಲು ಪ್ರಕಾಶಕರು ದುಬಾರಿ ಹಣ ಕೇಳುತ್ತಾರೆ. ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆಯನ್ನು ಸಾರ್ವಜನಿಕರೇ ಓದಲಾಗದ ಈ ಸ್ಥಿತಿಯ ವಿರುದ್ಧ 2002ರಲ್ಲಿ ಬುಡಾಪೆಸ್ಟ್ ಘೋಷಣೆ ಹೊರಬಂತು. ಸಂಶೋಧನೆ ಎಲ್ಲರಿಗೂ ಮುಕ್ತವಾಗಿ ಸಿಗಬೇಕೆಂಬ ಈ ಚಳವಳಿಗೆ ‘ಓಪನ್ ಆಕ್ಸೆಸ್’ ಎಂಬ ಹೆಸರು ನಿಂತಿತು. ಪೂರ್ಣ ಲೇಖನಗಳ ಉಚಿತ ಭಂಡಾರವಾದ ‘ಪಬ್‌ಮೆಡ್ ಸೆಂಟ್ರಲ್’ 2000ದಲ್ಲೇ ಆರಂಭವಾಗಿತ್ತು. ನಮ್ಮ ದೇಶದಲ್ಲಿ 1913ರಿಂದ ನಡೆದು ಬಂದಿರುವ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಕೂಡ ಉಚಿತವಾಗಿ ಓದಲು ಸಿಗುತ್ತದೆ.

ಇಲ್ಲಿಯೂ ಒಂದು ಎಚ್ಚರಿಕೆ. ಉಚಿತವಾಗಿ ಸಿಗುವುದೆಲ್ಲ ಉತ್ತಮವಲ್ಲ. ಲೇಖಕರಿಂದ ಹಣ ಪಡೆದು, ತಜ್ಞರಿಗೆ ತೋರಿಸದೆಯೇ ಏನನ್ನು ಬೇಕಾದರೂ ಪ್ರಕಟಿಸುವ ಪತ್ರಿಕೆಗಳೂ ಇವೆ. ಮೇಲೆ ಹೇಳಿದ ಐದು ಅಂಶಗಳು ಅಲ್ಲಿ ಇನ್ನೂ ಮುಖ್ಯ.

ಬೀಗ ಹಾಕಿದ ಲೇಖನವೇ ಬೇಕಾದರೆ ಎರಡು ದಾರಿಗಳಿವೆ. ಲೇಖಕರಿಗೆ ಇ-ಮೇಲ್ ಬರೆದು ಪ್ರತಿ ಕೇಳಬಹುದು. ಅನೇಕರು ಸಂತೋಷದಿಂದ ಕಳಿಸುತ್ತಾರೆ. ಇಲ್ಲವೇ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯದಲ್ಲಿ ಓದುವ ಬಂಧುಗಳನ್ನು ಕೇಳಿ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳನ್ನು ಒದಗಿಸುವ ಏರ್ಪಾಡಿದೆ.

ಗ್ರಂಥಪಾಲಕರನ್ನು ಕೇಳಿ

ಮನೆಯಲ್ಲಿ ಕಂಪ್ಯೂಟರ್ ಇಲ್ಲವೆಂದು ಕೈಬಿಡಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆದ್ದರಿಂದ ಊರಿನ ಗ್ರಂಥಾಲಯದಲ್ಲಿ ನೆರವು ಕೇಳಲು ಸಂಕೋಚ ಬೇಡ. ‘ಅರಿವು ಕೇಂದ್ರ’ಗಳೆಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲೂ ಹಲವು ಕಡೆ ಕಂಪ್ಯೂಟರ್ ಇದೆ. ಯಾವ ಪದ ಹಾಕಿ ಹುಡುಕಬೇಕೆಂದು ಹೇಳಿಕೊಡುವುದು ಗ್ರಂಥಪಾಲಕರ ವೃತ್ತಿಯೇ. ಆದರೆ ಯಾವ ಮದ್ದು ತೆಗೆದುಕೊಳ್ಳಬೇಕೆಂದು ಅವರನ್ನು ಕೇಳಬಾರದು.

ಕೊನೆಗೆ ವೈದ್ಯರ ಬಳಿಗೆ

ಓದಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಲೇಖನದ ಹೆಸರು, ವರ್ಷ, ಎಷ್ಟು ಜನರ ಮೇಲೆ ನಡೆದ ಪ್ರಯೋಗ, ಏನು ತೀರ್ಮಾನ, ಇಷ್ಟು ಸಾಕು. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ, ‘ಇದು ನನಗೆ ಅನ್ವಯಿಸುತ್ತದೆಯೇ?’ ಎಂದು ಕೇಳಿ. ನಿಮ್ಮ ವಯಸ್ಸು, ಮೂತ್ರಪಿಂಡದ ಸ್ಥಿತಿ, ನೀವು ನುಂಗುತ್ತಿರುವ ಇತರ ಮಾತ್ರೆಗಳು ಯಾವ ಲೇಖನದಲ್ಲೂ ಬರೆದಿರುವುದಿಲ್ಲ. ಅವು ನಿಮ್ಮ ವೈದ್ಯರಿಗೆ ಗೊತ್ತು.

ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಮುಖ ಅಥವಾ ಕೈಕಾಲು ಇದ್ದಕ್ಕಿದ್ದಂತೆ ಸೋಲುವುದು ಕಂಡರೆ ಹುಡುಕುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಉಳಿದ ಪ್ರಶ್ನೆಗಳಿಗೆ ಹುಡುಕುವಷ್ಟು ಸಮಯವಿರುತ್ತದೆ. ಹುಡುಕುವಷ್ಟು ದಿನವೂ ಈಗ ನಡೆಯುತ್ತಿರುವ ಚಿಕಿತ್ಸೆಯನ್ನು ಮಾತ್ರ ನಿಲ್ಲಿಸಬೇಡಿ.