ಹಿತ್ತಲು, ಅಡಿಗೆಮನೆ ಮತ್ತು ದೇವರ ಸಾಮ್ರಾಜ್ಯ



ದೇವರ ಸಾಮ್ರಾಜ್ಯ ಹೇಗಿರುತ್ತದೆಂದು ತಿಳಿಸಲು ಯೇಸುಸ್ವಾಮಿ ಅರಮನೆಯ ಕಡೆಗೆ ಬೆರಳು ತೋರಿಸಲಿಲ್ಲ. ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ (18-21) ಎರಡು ಪುಟ್ಟ ಸಾಮತಿಗಳು ಅಕ್ಕಪಕ್ಕದಲ್ಲಿವೆ. ಒಬ್ಬನು ಸಾಸಿವೆಕಾಳನ್ನು ತನ್ನ ತೋಟದಲ್ಲಿ ಹಾಕುತ್ತಾನೆ. ಒಬ್ಬಾಕೆ ಮೂರು ಅಳತೆ ಹಿಟ್ಟಿನಲ್ಲಿ ಹುಳಿಹಿಟ್ಟನ್ನು ಬೆರೆಸಿಡುತ್ತಾಳೆ. ಒಂದು ಹಿತ್ತಲಿನ ಕೆಲಸ, ಇನ್ನೊಂದು ಅಡಿಗೆಮನೆಯ ಕೆಲಸ. ಆ ಮೂರು ಅಳತೆ ಇಂದಿನ ಲೆಕ್ಕದಲ್ಲಿ ಸುಮಾರು 40 ಲೀಟರು. ನೂರು ಮಂದಿಗೆ ಸಾಲುವಷ್ಟು. ಆ ತಾಯಿ ತನ್ನೊಬ್ಬಳ ಹೊಟ್ಟೆಗಾಗಿ ಹಿಟ್ಟು ನಾದುತ್ತಿಲ್ಲ.

ಯೇಸುಸ್ವಾಮಿ ಕಂಡ ಮನೆಗಳೂ ಸಣ್ಣವೇ. ನಡುರಾತ್ರಿ ರೊಟ್ಟಿ ಕೇಳಲು ಬಂದ ಗೆಳೆಯನಿಗೆ ಮನೆಯೊಡೆಯನು, ಮಕ್ಕಳು ನನ್ನ ಜೊತೆಯಲ್ಲೇ ಮಲಗಿದ್ದಾರೆ, ಏಳಲಾರೆ ಎನ್ನುತ್ತಾನೆ (ಲೂಕ 11:7). ಒಂದೇ ದೀಪ ಮನೆಯವರೆಲ್ಲರಿಗೂ ಬೆಳಕು ಕೊಡುತ್ತದೆ (ಮತ್ತಾಯ 5:15). ಒಂದೇ ಕೋಣೆಯ ಮನೆಯಲ್ಲಲ್ಲದೆ ಇದು ಬೇರೆಲ್ಲಿ ಸಾಧ್ಯ? ಆದ್ದರಿಂದ ಮನೆ ಸಣ್ಣದೆಂಬುದು ನಾಚಿಕೆಯ ಮಾತಲ್ಲ. ಆ ಸಣ್ಣ ಜಾಗವನ್ನು ಯಾರಿಗೆ ಹೇಗೆ ಹಂಚುತ್ತೇವೆ ಎಂಬುದೇ ವಿಚಾರ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ನಗರಕ್ಕೆ ನುಗ್ಗಿತು. ನದಿದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ನೆರೆಯ ನಂತರವಾಗಲಿ, ಬೇರೆ ಸಂದರ್ಭದಲ್ಲಾಗಲಿ, ಮಸಗುಪ್ಪಿ ಮೊದಲ್ಗೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮನೆ ಕಟ್ಟುವಾಗ ನಡೆಯುವುದು ಸಾಮಾನ್ಯವಾಗಿ ಒಂದೇ ರೀತಿ. ಹಣ ಮೊದಲು ಪಡಸಾಲೆಗೆ ಹೋಗುತ್ತದೆ: ಬಾಗಿಲು, ಟೈಲ್ಸ್, ಬಣ್ಣ. ಬಂದವರು ಕಾಣುವುದು ಅದನ್ನೇ ಅಲ್ಲವೇ? ಅಡಿಗೆಮನೆಗೆ ಬರುವಷ್ಟರಲ್ಲಿ ಕೈ ಖಾಲಿ. ತಗಡಿನ ಕೆಳಗೆ, ಕಿಟಕಿಯಿಲ್ಲದ ಮೂಲೆಯಲ್ಲಿ, ಎಲ್ಲರಿಗೂ ಉಣಬಡಿಸುವವಳು ಕೂರುತ್ತಾಳೆ.

ಇದು ಬರೀ ಅನುಕೂಲದ ಪ್ರಶ್ನೆಯಲ್ಲ, ಉಸಿರಿನ ಪ್ರಶ್ನೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲಾವ್ದಾತೊ ಸಿ’ ಪತ್ರದಲ್ಲಿ ಪರಿಸರ ಮಾಲಿನ್ಯದ ಮಾತೆತ್ತಿದಾಗ ಕಾರ್ಖಾನೆಗಳ ಜೊತೆಗೆ ಅಡಿಗೆ ಒಲೆಯ ಹೊಗೆಯನ್ನೂ ಹೆಸರಿಸಿದ್ದಾರೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಬಂತು. ಆದರೂ ಸಿಲಿಂಡರಿನ ಬೆಲೆಗಾಗಿ, ಜೋಳದ ರೊಟ್ಟಿಯ ರುಚಿಗಾಗಿ ಕಟ್ಟಿಗೆಯ ಒಲೆ ಅನೇಕ ಕಡೆ ಉರಿಯುತ್ತಲೇ ಇದೆ.

ಉರಿಯಲಿ, ಆದರೆ ಹೊಗೆ ಹೊರಗೆ ಹೋಗಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ತಂಡದವರು ಹಳ್ಳಿಗಳಿಗಾಗಿಯೇ ‘ಅಸ್ತ್ರ ಒಲೆ’ ರೂಪಿಸಿದರು. ಕಟ್ಟಿಗೆಯ ಅಡಿಯಲ್ಲಿ ಕಬ್ಬಿಣದ ಜಾಲರಿ ಇರುವುದರಿಂದ ಗಾಳಿ ಸೇರಿ ಬೆಂಕಿ ಚೆನ್ನಾಗಿ ಉರಿಯುತ್ತದೆ; ಒಂದೇ ಉರಿಗೆ ಮೂರು ಪಾತ್ರೆ ಕಾಯುತ್ತವೆ; ಹೊಗೆ ಕೊಳವೆಯ ಮೂಲಕ ಮಾಳಿಗೆಯ ಮೇಲಕ್ಕೆ ಹೋಗುತ್ತದೆ. ಇದಾಗದಿದ್ದರೆ ಒಲೆಯ ಬಳಿ ಒಂದು ಕಿಟಕಿ, ಎದುರು ಗೋಡೆಯ ಮೇಲ್ಭಾಗದಲ್ಲಿ ಒಂದು ಗವಾಕ್ಷಿಯನ್ನಾದರೂ ಬಿಡಿ, ಬಿಸಿಹೊಗೆ ಮೇಲಕ್ಕೇರುತ್ತದೆ. ಗ್ಯಾಸಿಗೆ ಕಟ್ಟೆ ಕಟ್ಟಿಸುವಾಗ ಗೌಂಡಿಯ ಅಳತೆಗೆ ಬಿಡಬೇಡಿ. ಅಡಿಗೆ ಮಾಡುವವರನ್ನೇ ನಿಲ್ಲಿಸಿ, ಅವರ ಮೊಣಕೈಗಿಂತ ಕೆಳಗೆ, ಅವರಿಗೆ ಅನುಕೂಲವಾದ ಎತ್ತರಕ್ಕೆ ಗುರುತು ಹಾಕಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಒಂದು ಮಾತು ಕೇಳುವ ಮನಸ್ಸು ಬೇಕು.

ಹಿತ್ತಲೂ ಹಾಗೆಯೇ. ನಾಲ್ಕು ಹೆಜ್ಜೆ ಜಾಗವಿದ್ದರೆ ಸಾಕು: ಒಂದು ನುಗ್ಗೆಯ ಟೊಂಗೆ, ಒಂದು ಕರಿಬೇವು, ಎರಡು ಸಾಲು ಪುಂಡಿಪಲ್ಯ, ಗೋಡೆಗೆ ಹಬ್ಬಿಸಿದ ಹೀರೆಬಳ್ಳಿ, ಬಚ್ಚಲ ನೀರು ಹರಿಯುವಲ್ಲಿ ಒಂದು ಬಾಳೆ. ಇವು ನಮ್ಮ ಮಣ್ಣಿಗೂ ಬಿಸಿಲಿಗೂ ಒಗ್ಗಿದವು. ಹೆಚ್ಚಾದ ಕಾಯಿ ನೆರೆಮನೆಗೆ ಹೋಗಲಿ. ಸಾಸಿವೆ ಗಿಡದ ಕೊಂಬೆಗಳಲ್ಲಿ ಹಕ್ಕಿಗಳಿಗೂ ಜಾಗವಿತ್ತೆಂಬುದನ್ನು ಮರೆಯಬಾರದು.

ಕುಟುಂಬವನ್ನು ಪುಟ್ಟ ಧರ್ಮಸಭೆಯೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತು. ದೇವಾಲಯದಲ್ಲಿ ಬಲಿಪೀಠಕ್ಕೆ ಅತ್ಯುತ್ತಮ ಸ್ಥಳ ಕೊಡುತ್ತೇವೆ. ಹಾಗಾದರೆ ಮನೆಯೆಂಬ ಧರ್ಮಸಭೆಯಲ್ಲಿ ದಿನದ ರೊಟ್ಟಿ ಸಿದ್ಧವಾಗುವ ಜಾಗಕ್ಕೆ ಕತ್ತಲಮೂಲೆ ಸಲ್ಲದು. ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನನ್ನಿಟ್ಟು, ರೊಟ್ಟಿಯೊಂದಿಗೆ ದಣಿದ ಶಿಷ್ಯರಿಗಾಗಿ ಕಾದಿದ್ದರು (ಯೊವಾನ್ನ 21:9). ಮರಣವನ್ನು ಜಯಿಸಿದವರಿಗೆ ಒಲೆಯ ಮುಂದೆ ಕೂರುವುದು ಕೀಳೆನಿಸಲಿಲ್ಲ. ಮನೆಯ ಗಂಡಸರಿಗೆ ಏಕೆ ಹಾಗೆನಿಸಬೇಕು?

ಮನನಕ್ಕೆ:

1. ನಮ್ಮ ಮನೆಯಲ್ಲಿ ಅತಿ ಹೆಚ್ಚು ಹೊತ್ತು ದುಡಿಯುವವರಿಗೆ ಸಿಕ್ಕಿರುವ ಜಾಗ ಎಂಥದ್ದು?

2. ಮನೆಯ ದುರಸ್ತಿಯ ತೀರ್ಮಾನ ಮಾಡುವಾಗ ಅವರ ಮಾತು ಕೇಳಿದ್ದೇವೆಯೇ?

3. ಈ ವಾರ ಒಂದು ದಿನವಾದರೂ ಅಡಿಗೆಮನೆಯಲ್ಲಿ ಕುಟುಂಬದವರೆಲ್ಲ ಕೂಡಿ ಕೆಲಸ ಮಾಡಿ, ಅಲ್ಲಿಯೇ ಜಪಸರ ಹೇಳಬಹುದೇ?

ಪ್ರಾರ್ಥನೆ: ನಜರೇತಿನ ಪವಿತ್ರ ಕುಟುಂಬವೇ, ನಮ್ಮ ಸಣ್ಣ ಮನೆಗಳಲ್ಲಿ ಎಲ್ಲರಿಗೂ ಉಸಿರಾಡಲು ಜಾಗ ಮಾಡಿಕೊಡುವ ಮನಸ್ಸನ್ನು ನಮಗೆ ದೊರಕಿಸಿಕೊಡಿ. ಆಮೆನ್.